ಗುಮ್ಮಟವೂ ಕುಡಿಯುವ ನೀರೂ

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಕರೆಂಟು ಹೋದರೆ ಇಡೀ ಬೀದಿ ಒಮ್ಮೆಗೇ ಸುಮ್ಮನಾಗುತ್ತದೆ. ಬಂದ ಮರುಕ್ಷಣ ಮನೆಮನೆಯಿಂದಲೂ ಸದ್ದು ಏಳುತ್ತದೆ. ಆ ಕರೆಂಟು ಎಲ್ಲಿಂದ ಬಂತೆಂದು ನೇಕಾರರು ಕೇಳುವುದಿಲ್ಲ, ಕೇಳಿದರೂ ಯಾವ ಮೀಟರೂ ಹೇಳುವುದಿಲ್ಲ. ಶರಾವತಿಯ ನೀರು, ರಾಯಚೂರಿನಲ್ಲಿ ಉರಿದ ಕಲ್ಲಿದ್ದಲು, ಪಾವಗಡದ ಬಿಸಿಲು, ಕೈಗಾದಲ್ಲಿ ಒಡೆದ ಯುರೇನಿಯಂ, ಎಲ್ಲವೂ ಒಂದೇ ಗ್ರಿಡ್ಡಿಗೆ ಸೇರುತ್ತವೆ. ನೆಲಮಂಗಲದ 400 ಕೆ.ವಿ. ಕೇಂದ್ರದಂಥ ಕಡೆಗಳಲ್ಲಿ ವೋಲ್ಟೇಜು ತಗ್ಗಿ ಹೊಸಕೋಟೆಯ ಕಾರ್ಖಾನೆಗೂ ದೇವನಹಳ್ಳಿಯ ದ್ರಾಕ್ಷಿ ತೋಟದ ಪಂಪಿಗೂ ಹರಿಯುತ್ತವೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಅಣುಸ್ಥಾವರವಿಲ್ಲ. ರಾಜ್ಯದ ಏಕೈಕ ಸ್ಥಾವರವಾದ ಕೈಗಾ ಇಲ್ಲಿಂದ ರಸ್ತೆಯಲ್ಲಿ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ಉತ್ತರ ಕನ್ನಡದ ಕಾಡಿನ ನಡುವೆ, ಕಾಳಿ ನದಿಗೆ ಕಟ್ಟಿದ ಕದ್ರಾ ಜಲಾಶಯದ ದಡದಲ್ಲಿದೆ. ತಲಾ 220 ಮೆಗಾವಾಟಿನ ನಾಲ್ಕು ರಿಯಾಕ್ಟರುಗಳು ಅಲ್ಲಿವೆ. ಬೆಳಕು ನಮಗೂ ಬರುತ್ತದೆ, ಅಪಾಯದ ಅಂಜಿಕೆ ಮಾತ್ರ ಮಲ್ಲಾಪುರ ಮತ್ತು ಕಾರವಾರದ ಕಡೆಯವರ ಪಾಲಿಗೆ. ಆ ಅಂಜಿಕೆಗೆ ದನಿಯಾದವರಲ್ಲಿ ಶಿವರಾಮ ಕಾರಂತರು ಮುಖ್ಯರು. ಎಂಬತ್ತು ದಾಟಿದ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಆ ಭಾಗದಿಂದಲೇ ನಿಂತು, ಸೋತರು. ಅವರು ಕೇಳಿದ ಪ್ರಶ್ನೆ ಸೋಲಲಿಲ್ಲ: ಒಳಗಿರುವುದು ಹೊರಗೆ ಬಂದರೆ ಏನು ಗತಿ? ಕರೆಂಟು ಉರಿಸುವ ನಾವೂ ಇದನ್ನು ಅಷ್ಟೇ ಗಟ್ಟಿಯಾಗಿ ಕೇಳಬೇಕು. ಉತ್ತರ ತಿಳಿಯಬೇಕಾದರೆ ಒಳಗೆ ಏನಿದೆ ಎಂಬುದರಿಂದ ಶುರುಮಾಡಬೇಕು.

ಕೈಗಾಕ್ಕೆ ಬರುವ ಇಂಧನ ನೈಸರ್ಗಿಕ ಯುರೇನಿಯಮ್ಮಿನ ಆಕ್ಸೈಡು. ಹೊಸ ಇಂಧನ ಅಂಥ ಘೋರ ವಸ್ತುವಲ್ಲ. ಯುರೇನಿಯಂ ನಮ್ಮ ಕಾಲ ಕೆಳಗಿನ ಗ್ರಾನೈಟಿನಲ್ಲೂ ಇದೆ. ಪೂರ್ವ ಕರ್ನಾಟಕದ ಹಳ್ಳಿಗಳ ಆಳದ ಕೊಳವೆಬಾವಿಗಳ ನೀರಿನಲ್ಲಿ ಅದು ಕರಗಿ ಬರುತ್ತಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಕುಡಿಯುವ ನೀರಿನಲ್ಲಿ ಅದರ ಪ್ರಮಾಣ ಲೀಟರಿಗೆ 30 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಕಡೆಯ ಪಂಚಾಯಿತಿಗಳು ಫ್ಲೋರೈಡಿನ ಜೊತೆಗೆ ಇದನ್ನೂ ಪರೀಕ್ಷೆ ಮಾಡಿಸಬೇಕು, ಕೈಗಾದ ಚಿಂತೆ ಇರಲಿ ಬಿಡಲಿ.

ರಿಯಾಕ್ಟರಿನೊಳಗೆ ಹೋದ ಮೇಲೆ ಕತೆ ಬದಲಾಗುತ್ತದೆ. ಯುರೇನಿಯಮ್ಮಿನ ಪರಮಾಣು ಒಡೆದು ಎರಡಾದಾಗ ಹುಟ್ಟುವ ಚೂರುಗಳು ಮೂಲ ವಸ್ತುವಿಗಿಂತ ಎಷ್ಟೋ ಪಟ್ಟು ಉಗ್ರ. ಗಂಟಲಿನ ಥೈರಾಯ್ಡ್ ಗ್ರಂಥಿಯಲ್ಲಿ ಹೋಗಿ ಕೂರುವ ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತದೆ. ಸೀಸಿಯಂ-137 ಅರ್ಧವಾಗಲು ಮೂವತ್ತು ವರ್ಷ ಬೇಕು. ಮೂಳೆಯಲ್ಲಿ ಸೇರುವ ಸ್ಟ್ರಾಂಶಿಯಂ-90ಕ್ಕೂ ಹೆಚ್ಚುಕಡಿಮೆ ಅಷ್ಟೇ. ಜೊತೆಗೆ ಯಾವುದಕ್ಕೂ ಅಂಟದೆ ಸಂದಿಯಲ್ಲಿ ನುಸುಳುವ ಕ್ರಿಪ್ಟಾನ್, ಕ್ಸೆನಾನ್ ಅನಿಲಗಳು. ಹಿಡಿದಿಡಬೇಕಾದ್ದು ಇವನ್ನು.

ಮೊದಲ ತಡೆ ಇಂಧನದ ಗುಳಿಗೆಯೇ. ಒಂದೂವರೆ ಸೆಂಟಿಮೀಟರಿನಷ್ಟೂ ಅಗಲವಿಲ್ಲದ, ಸುಟ್ಟು ಗಟ್ಟಿಮಾಡಿದ ಪಿಂಗಾಣಿ ಅದು. ಕರಗಬೇಕಾದರೆ 2,800 ಡಿಗ್ರಿ ಸೆಲ್ಸಿಯಸ್ ಹತ್ತಿರದ ಕಾವು ಬೇಕು. ಒಡೆದ ಪರಮಾಣುಗಳ ಬಹುಪಾಲು ಚೂರುಗಳು ಹುಟ್ಟಿದ ಜಾಗದಲ್ಲೇ, ಅದರ ಹರಳಿನೊಳಗೇ ಸಿಕ್ಕಿಕೊಳ್ಳುತ್ತವೆ. ಈ ಗುಳಿಗೆಗಳನ್ನು ಜಿರ್ಕೋನಿಯಂ ಮಿಶ್ರಲೋಹದ ಕೊಳವೆಯಲ್ಲಿ ತುಂಬಿ ಎರಡೂ ತುದಿ ಬೆಸೆಯುತ್ತಾರೆ. ಎರಡನೆಯ ತಡೆಯಾದ ಈ ಕವಚದ ದಪ್ಪ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಇಂಥ 19 ಕೊಳವೆಗಳು ಸೇರಿದರೆ ಅರ್ಧ ಮೀಟರ್ ಉದ್ದದ ಒಂದು ಇಂಧನ ಕಂತೆ. ಒಂದು ಚಾನೆಲ್ಲಿಗೆ 12 ಕಂತೆ, ಒಂದು ರಿಯಾಕ್ಟರಿಗೆ 306 ಚಾನೆಲ್. ಎಂದರೆ 3,672 ಕಂತೆಗಳು, ಎಪ್ಪತ್ತು ಸಾವಿರದಷ್ಟು ಕೊಳವೆಗಳು. ಅವುಗಳಲ್ಲಿ ಒಂದಕ್ಕೂ ಎಂದೂ ಸಣ್ಣ ತೂತು ಬೀಳದು ಎಂದು ಯಾವ ಎಂಜಿನಿಯರೂ ಬರೆದುಕೊಡಲಾರ.

ಹಾಗಾಗಿ ಪಹರೆ ಇಲ್ಲಿಂದಲೇ ಶುರು. ಕಂತೆಗಳ ಸುತ್ತ ಹರಿದು ಕಾವನ್ನು ಒಯ್ಯುವ ಭಾರಜಲದಲ್ಲಿ ಅಯೋಡಿನ್ ಏರಿತೆಂದರೆ ಎಲ್ಲೋ ಕವಚ ಬಿರಿದಿದೆ ಎಂದರ್ಥ. ಯಾವ ಚಾನೆಲ್ಲಿನಲ್ಲಿ ಎಂದು ತಿಳಿಯಲು ಪ್ರತಿ ಚಾನೆಲ್ಲಿನ ನೀರಿನ ಮಾದರಿಯನ್ನು ಸಣ್ಣ ನಳಿಗೆಯಲ್ಲಿ ತಂದು, ಒಡೆದ ಚೂರುಗಳು ತಡವಾಗಿ ಹೊಮ್ಮಿಸುವ ನ್ಯೂಟ್ರಾನುಗಳನ್ನು ಎಣಿಸುತ್ತಾರೆ. ಕೈಗಾ ಮಾದರಿಯ ರಿಯಾಕ್ಟರಿನ ಒಂದು ಅನುಕೂಲವೆಂದರೆ ನಡೆಯುತ್ತಿರುವಾಗಲೇ ಇಂಧನ ಬದಲಿಸಬಹುದು. ಕೆಟ್ಟ ಕಂತೆಯನ್ನು ಯಂತ್ರ ದೂಡಿ ಹೊರತೆಗೆದು ನೀರಿನ ಕೊಳಕ್ಕೆ ಕಳಿಸುತ್ತದೆ.

ಮೂರನೆಯ ತಡೆ ಆ ಭಾರಜಲ ಹರಿಯುವ, ಒತ್ತಡ ತಡೆಯುವ ಕೊಳವೆಗಳ ಮುಚ್ಚಿದ ಜಾಲ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಉಳಿಯುವುದು ಕಾವು ಮಿತಿಯಲ್ಲಿದ್ದಾಗ ಮಾತ್ರ, ನಿಜವಾದ ಕಷ್ಟವಿರುವುದೂ ಅಲ್ಲೇ. ಒಲೆ ಆರಿಸಿದರೆ ಬೆಂಕಿ ಆರಿತು. ರಿಯಾಕ್ಟರನ್ನು ನಿಲ್ಲಿಸಿದರೂ ಅದರೊಳಗಿನ ಚೂರುಗಳು ಕಾವು ಕೊಡುತ್ತಲೇ ಇರುತ್ತವೆ. ನಿಂತ ಕ್ಷಣದಲ್ಲಿ ಪೂರ್ಣ ಕಾವಿನ ಶೇಕಡಾ 6ರಿಂದ 7 ಭಾಗ, ಒಂದು ದಿನ ಕಳೆದ ಮೇಲೂ ಶೇಕಡಾ ಅರ್ಧದಷ್ಟು. ನೀರು ತಪ್ಪಿದರೆ ಇಷ್ಟೇ ಕಾವು ಕವಚವನ್ನು ಸುಡಲು ಸಾಕು. ಕಾದ ಜಿರ್ಕೋನಿಯಂ ಆವಿಯೊಡನೆ ಕೂಡಿ ಜಲಜನಕ ಬಿಡುತ್ತದೆ. 2011ರ ಮಾರ್ಚ್ 11ರ ಸುನಾಮಿಯ ನಂತರ ಫುಕುಶಿಮಾದಲ್ಲಿ ಕಟ್ಟಡಗಳನ್ನು ಹಾರಿಸಿದ್ದು ಆ ಜಲಜನಕ. ಭೂಕಂಪವಾದ ಕೂಡಲೇ ಅಲ್ಲಿ ರಿಯಾಕ್ಟರುಗಳು ನಿಂತಿದ್ದವು. ತಂಪು ಮಾಡಲು ಬೇಕಾದ ವಿದ್ಯುತ್ತೇ ಇಲ್ಲದೆ ಹೋಯಿತು.

ನಮ್ಮ ದೇಶದಲ್ಲೇ ಇಂಥದೊಂದು ರಾತ್ರಿ ಬಂದಿತ್ತು. 1993ರ ಮಾರ್ಚ್ 31ರ ನಸುಕಿನಲ್ಲಿ ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನಿನ ಅಲಗುಗಳು ಮುರಿದವು, ಜನರೇಟರಿನಿಂದ ಜಲಜನಕ ಸೋರಿ ಬೆಂಕಿ ಹತ್ತಿತು. ಮುಖ್ಯ ಕೇಬಲ್ಲುಗಳೂ ಅವು ಕೈಕೊಟ್ಟರೆಂದು ಇಟ್ಟ ಬದಲಿ ಕೇಬಲ್ಲುಗಳೂ ಒಂದೇ ದಾರಿಯಲ್ಲಿ ಸಾಗಿದ್ದರಿಂದ ಎರಡೂ ಒಟ್ಟಿಗೆ ಸುಟ್ಟವು. ಸುಮಾರು 17 ಗಂಟೆ ಸ್ಥಾವರದಲ್ಲಿ ವಿದ್ಯುತ್ ಇರಲಿಲ್ಲ, ಹೊಗೆ ತುಂಬಿದ ನಿಯಂತ್ರಣ ಕೊಠಡಿಯನ್ನು ಬಿಡಬೇಕಾಯಿತು. ರಿಯಾಕ್ಟರು ಮತ್ತೆ ಜೀವ ತಾಳದಂತೆ ಬೋರಾನ್ ದ್ರಾವಣ ಬಿಡಲು ಸಿಬ್ಬಂದಿ ಕತ್ತಲಲ್ಲೇ ಕಟ್ಟಡ ಹತ್ತಿ ಕೈಯಿಂದ ಕವಾಟ ತಿರುಗಿಸಿದರು. ಬೆಂಕಿ ಆರಿಸಲೆಂದು ಇಟ್ಟ ಡೀಸೆಲ್ ಪಂಪಿನಿಂದ ಉಗಿ ಉತ್ಪಾದಕಗಳಿಗೆ ನೀರು ಹಾಯಿಸಿದರು. ಪಂಪಿಲ್ಲದೆಯೂ ಬಿಸಿ ನೀರು ಮೇಲೇರಿ ತಣ್ಣನೆಯದು ಕೆಳಗಿಳಿಯುವ ಸಹಜ ಹರಿವು ಇಂಧನವನ್ನು ಉಳಿಸಿತು. ವಿಕಿರಣ ಹೊರಗೆ ಹೋಗಲಿಲ್ಲ. ಆ ರಾತ್ರಿಯವರ ಋಣ ದೇಶದ ಮೇಲಿದೆ. ಕೇಬಲ್ಲುಗಳ ದಾರಿ ಬೇರೆಬೇರೆ ಇರಬೇಕು, ನಡುವೆ ಬೆಂಕಿ ತಡೆಯುವ ಗೋಡೆ ಇರಬೇಕು ಎಂಬ ಪಾಠ ಮುಂದಿನ ಸ್ಥಾವರಗಳಿಗೆ ಸಂದಿತು. ಕೈಗಾ ಆಗ ಕಟ್ಟಡದ ಹಂತದಲ್ಲಿತ್ತು.

ಈ ಮೂರು ತಡೆಗಳೂ ಸೋತರೆ ಉಳಿಯುವುದು ಕಟ್ಟಡ. ಅದರ ಬೆಲೆ ಏನೆಂದು ಎರಡು ದುರಂತಗಳು ತೋರಿಸಿವೆ. 1979ರ ಮಾರ್ಚಿನಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡಿನಲ್ಲಿ ಇಂಧನದ ಅರ್ಧದಷ್ಟು ಕರಗಿತು, ಸುತ್ತಲಿನ ಕಾಂಕ್ರೀಟು ಅದನ್ನು ಹೆಚ್ಚುಕಡಿಮೆ ಪೂರ್ತಿ ಹಿಡಿದಿಟ್ಟಿತು. 1986ರ ಏಪ್ರಿಲಿನಲ್ಲಿ ಚೆರ್ನೋಬಿಲಿನಲ್ಲಿ ಅಂಥ ಕವಚವೇ ಇರಲಿಲ್ಲ. ಸೀಸಿಯಂ ಯುರೋಪಿನ ಅರ್ಧ ಭಾಗಕ್ಕೆ ಮಳೆಯಾಗಿ ಸುರಿಯಿತು.

ಕೈಗಾದಲ್ಲಿ ಇಂಥ ಕವಚ ಎರಡಿವೆ, ಒಂದರೊಳಗೆ ಇನ್ನೊಂದು. ಒಳಗಿನದು ಉಕ್ಕಿನ ಕೇಬಲ್ಲುಗಳನ್ನು ಎಳೆದು ಬಿಗಿದ ಕಾಂಕ್ರೀಟು. ನಡುವಿನ ಖಾಲಿ ಜಾಗದಲ್ಲಿ ಗಾಳಿಯ ಒತ್ತಡವನ್ನು ಹೊರಗಿಗಿಂತ ತುಸು ಕಡಿಮೆ ಇಟ್ಟಿರುತ್ತಾರೆ. ಬಿರುಕಿದ್ದರೂ ಹೊರಗಿನ ಗಾಳಿ ಒಳಕ್ಕೆ ಬರಬೇಕೇ ಹೊರತು ಒಳಗಿನದು ಹೊರಕ್ಕೆ ಹೋಗಬಾರದು ಎಂಬುದು ಲೆಕ್ಕ. ಅಲ್ಲಿನ ಗಾಳಿ ಇದ್ದಿಲು ಮತ್ತು ಸೂಕ್ಷ್ಮ ಶೋಧಕಗಳನ್ನು ದಾಟಿಯೇ ಚಿಮಣಿಗೆ ಹೋಗಬೇಕು. ಕಟ್ಟಡದ ತಳದಲ್ಲಿ ನೀರಿನ ದೊಡ್ಡ ಕೊಳವಿದೆ. ಕೊಳವೆ ಒಡೆದು ಆವಿ ನುಗ್ಗಿದರೆ ಆ ನೀರಿನಲ್ಲಿ ಗುಳ್ಳೆಯಾಗಿ ಹಾದು ತಣಿದು ನೀರಾಗುತ್ತದೆ, ಗೋಡೆಯ ಮೇಲಿನ ಒತ್ತಡ ಇಳಿಯುತ್ತದೆ.

ಈ ಗೋಡೆಯೇ, ಇಂಧನ ಬರುವ ಮೊದಲೇ, ಒಮ್ಮೆ ಬಿತ್ತು. 1994ರ ಮೇ 13ರಂದು ಕೈಗಾದ ಒಂದನೆಯ ಘಟಕದಲ್ಲಿ ಒಳಗುಮ್ಮಟದ ಕೇಬಲ್ಲುಗಳನ್ನು ಬಿಗಿಯುವ ಕೆಲಸ ನಡೆದಿದ್ದಾಗ ಗುಮ್ಮಟದ ಒಳಪದರ ಕಳಚಿತು. ನೂರು ಟನ್ನಿಗೂ ಹೆಚ್ಚು ಕಾಂಕ್ರೀಟು ಕೆಳಗುರುಳಿತು, ಕಾರ್ಮಿಕರಿಗೆ ಗಾಯಗಳಾದವು.

ಕಾರಣ ಸಿಮೆಂಟಿನ ಕಳಪೆಯಷ್ಟೇ ಆಗಿದ್ದರೆ ಅರ್ಥವಾಗುವುದು ಸುಲಭವಿತ್ತು. ಬಾಗಿದ ಹಾದಿಯಲ್ಲಿ ಹೂತ ಕೇಬಲ್ಲನ್ನು ಎಳೆದು ಬಿಗಿದರೆ ಅದು ನೆಟ್ಟಗಾಗಲು ಹವಣಿಸುತ್ತದೆ. ಆಗ ಗುಮ್ಮಟದ ದಪ್ಪದ ದಿಕ್ಕಿನಲ್ಲಿ, ಒಂದು ಪದರವನ್ನು ಇನ್ನೊಂದರಿಂದ ಬೇರ್ಪಡಿಸುವ ಎಳೆತ ಹುಟ್ಟುತ್ತದೆ. ಕಾಂಕ್ರೀಟು ಅಮುಕುವ ಬಲವನ್ನು ಎಷ್ಟಾದರೂ ತಡೆದೀತು, ಎಳೆಯುವ ಬಲಕ್ಕೆ ಬಹಳ ದುರ್ಬಲ. ಕೌದಿಯ ಪದರಗಳನ್ನು ಹೊಲಿಗೆ ಹಿಡಿದಿಡುವ ಹಾಗೆ ಈ ಪದರಗಳನ್ನು ಹಿಡಿದಿಡಲು ದಪ್ಪಕ್ಕೆ ಅಡ್ಡಲಾಗಿ ಸರಳುಗಳು ಬೇಕು. ಅವು ಬೇಕಾದಷ್ಟು ಇರಲಿಲ್ಲ. ಉಗಿ ಉತ್ಪಾದಕಗಳನ್ನು ಇಳಿಸಲು ಗುಮ್ಮಟದಲ್ಲಿ ಬಿಟ್ಟ ದೊಡ್ಡ ಕಂಡಿಗಳ ಸುತ್ತ ಕೇಬಲ್ಲುಗಳು ಒತ್ತೊತ್ತಾಗಿ ತಿರುಗಬೇಕಾಗಿದ್ದುದು ಕಷ್ಟವನ್ನು ಹೆಚ್ಚಿಸಿತ್ತು. ಇದು ಜಗತ್ತಿಗೆ ಹೊಸತಾಗಿರಲೂ ಇಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 1970ರಲ್ಲಿ ಟರ್ಕಿ ಪಾಯಿಂಟಿನ ಗುಮ್ಮಟ, 1976ರಲ್ಲಿ ಕ್ರಿಸ್ಟಲ್ ರಿವರಿನ ಗುಮ್ಮಟ ಇದೇ ಬಗೆಯಲ್ಲಿ ಪದರ ಬಿಟ್ಟಿದ್ದವು. ಆ ಅನುಭವ ಪುಸ್ತಕದಲ್ಲಿತ್ತು, ನಮ್ಮ ನಕ್ಷೆಯ ಮೇಜಿಗೆ ಬರಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಬಿದ್ದ ಕಾಂಕ್ರೀಟಿಗಿಂತ ಇದು.

ಆಗ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದವರು ಎ. ಗೋಪಾಲಕೃಷ್ಣನ್. ಕೈಗಾದ ಕೆಲಸ ನಿಂತಿತು. ಅದೇ ವಿನ್ಯಾಸದಲ್ಲಿ ಏಳುತ್ತಿದ್ದ ರಾಜಸ್ಥಾನದ ರಾವತ್‌ಭಾಟಾದ ಗುಮ್ಮಟಗಳೂ ಕಾದವು. ಲೆಕ್ಕವನ್ನು ಮೊದಲಿಂದ ಹಾಕಿ, ಅಡ್ಡ ಸರಳುಗಳನ್ನು ಸೇರಿಸಿ, ಇನ್ನೂ ಗಟ್ಟಿಯಾದ ಕಾಂಕ್ರೀಟು ಬಳಸಿ ಗುಮ್ಮಟವನ್ನು ಮತ್ತೆ ಕಟ್ಟಿದರು. ಹೀಗಾಗಿ ಕೈಗಾದಲ್ಲಿ ಎರಡನೆಯ ಘಟಕವೇ ಮೊದಲು ಚಾಲೂ ಆಯಿತು, 2000ದ ಮಾರ್ಚಿನಲ್ಲಿ. ಒಂದನೆಯದು ಅದೇ ವರ್ಷದ ನವೆಂಬರಿನಲ್ಲಿ. ಚಾಲೂ ಮಾಡುವ ಮುನ್ನ ಇಂಥ ಕಟ್ಟಡದೊಳಗೆ ಒತ್ತಡದಲ್ಲಿ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ಅಳೆಯುತ್ತಾರೆ, ಆಮೇಲೆಯೂ ಕೆಲವು ವರ್ಷಕ್ಕೊಮ್ಮೆ ಅಳೆಯುತ್ತಾರೆ. ಗುಮ್ಮಟ ಬಿದ್ದ ಅದೇ ಒಂದನೆಯ ಘಟಕ 2016ರ ಮೇ 13ರಂದು ಓಟ ಶುರುಮಾಡಿ, 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆ ಮಾಡಿತು. ತಾರೀಖು ಒಂದೇ ಆದದ್ದು ಆಕಸ್ಮಿಕ. ಕೆಡವಿ ಮತ್ತೆ ಕಟ್ಟಿದವರ ದುಡಿಮೆಗೆ ಸಂದ ಫಲ ಮಾತ್ರ ಆಕಸ್ಮಿಕವಲ್ಲ.

ಇಷ್ಟೆಲ್ಲ ಗೋಡೆಗಳಿದ್ದೂ ಕೈಗಾದಲ್ಲಿ ವಿಕಿರಣವಸ್ತು ಜನರ ಮೈಯೊಳಗೆ ಸೇರಿದ್ದು ಕುಡಿಯುವ ನೀರಿನ ಕೂಲರಿನಿಂದ.

ಭಾರಜಲದಲ್ಲಿರುವ ಜಲಜನಕ ಮಾಮೂಲಿಗಿಂತ ಎರಡುಪಟ್ಟು ತೂಕದ್ದು. ರಿಯಾಕ್ಟರಿನೊಳಗೆ ಅದು ಒಂದು ನ್ಯೂಟ್ರಾನನ್ನು ನುಂಗಿದರೆ ಟ್ರಿಟಿಯಂ ಆಗುತ್ತದೆ. 12.3 ವರ್ಷಕ್ಕೊಮ್ಮೆ ಅರ್ಧವಾಗುವ ಟ್ರಿಟಿಯಂ ಭಾರಜಲದ ರಿಯಾಕ್ಟರುಗಳ ಹುಟ್ಟುಗುಣ. ವರ್ಷ ಕಳೆದಷ್ಟೂ ಭಾರಜಲದಲ್ಲಿ ಅದರ ಪ್ರಮಾಣ ಏರುತ್ತದೆ. ಅದು ಹೊಮ್ಮಿಸುವ ಬೀಟಾ ಕಣ ಎಷ್ಟು ಮೆತ್ತಗಿನದೆಂದರೆ ಗಾಳಿಯಲ್ಲಿ ಕೆಲವು ಮಿಲಿಮೀಟರ್ ಹೋಗುವಷ್ಟರಲ್ಲಿ ಸೋಲುತ್ತದೆ, ಚರ್ಮವನ್ನು ದಾಟಲಾರದು. ಆದರೆ ಅದು ನೀರಿನ ಅಂಗವಾಗಿಯೇ ಇರುವುದರಿಂದ ಉಸಿರಲ್ಲಿ, ಬೆವರುವ ಚರ್ಮದಲ್ಲಿ, ಕುಡಿಯುವ ಲೋಟದಲ್ಲಿ ಒಳಗೆ ಬರುತ್ತದೆ. ಸೋರಿದ ಭಾರಜಲದ ಆವಿಯನ್ನು ಹಿಡಿದು ಮರಳಿಸಲು ಸ್ಥಾವರಗಳಲ್ಲಿ ದೊಡ್ಡ ಒಣಗಿಸುವ ಯಂತ್ರಗಳಿವೆ. ಭಾರಜಲ ಬಲು ತುಟ್ಟಿಯಾದ್ದರಿಂದ ಸುರಕ್ಷತೆಯೂ ಉಳಿತಾಯವೂ ಇಲ್ಲಿ ಒಂದೇ ದಾರಿ ಹಿಡಿದಿವೆ.

ಸ್ಥಾವರದಲ್ಲಿ ಕೆಲಸ ಮಾಡುವವರು ಎದೆಯ ಮೇಲೆ ವಿಕಿರಣ ಅಳೆಯುವ ಟಿ.ಎಲ್.ಡಿ. ಬ್ಯಾಡ್ಜ್ ತೊಡುತ್ತಾರೆ. ಬಾಗಿಲಲ್ಲಿ ಕೈಕಾಲು ಪರೀಕ್ಷಿಸುವ ಯಂತ್ರವಿದೆ. ಎರಡಕ್ಕೂ ಟ್ರಿಟಿಯಂ ಕಾಣುವುದಿಲ್ಲ. ಕಾಣುವುದು ಮೂತ್ರ ಪರೀಕ್ಷೆಯಲ್ಲಿ. ಮಾದರಿಯ ಒಂದು ಪುಟ್ಟ ಪಾಲನ್ನು, ವಿಕಿರಣ ತಾಗಿದರೆ ಮಿನುಗುವ ದ್ರವದೊಡನೆ ಕಲಸಿ ಸಣ್ಣ ಸೀಸೆಯಲ್ಲಿ ಕತ್ತಲ ಪೆಟ್ಟಿಗೆಗೆ ಇಳಿಸುತ್ತಾರೆ. ಒಂದೊಂದು ಬೀಟಾ ಕಣ ಹೊಮ್ಮಿದಾಗಲೂ ಮಿಣುಕು ಬೆಳಕು ಏಳುತ್ತದೆ, ಯಂತ್ರ ಅದನ್ನು ಎಣಿಸುತ್ತದೆ. 2009ರ ನವೆಂಬರ್ 24ರಂದು ಇಂಥ ನಿತ್ಯದ ಎಣಿಕೆಯಲ್ಲಿ ಕೆಲವರ ಅಂಕಿ ವಿಪರೀತ ಏರಿರುವುದು ಕಂಡಿತು. ಎಣಿಸುತ್ತ ಹೋದಂತೆ ಐವತ್ತಕ್ಕೂ ಹೆಚ್ಚು ಮಂದಿ. ಸ್ಥಾವರದಲ್ಲಿ ಎಲ್ಲೂ ಸೋರಿಕೆ ಇರಲಿಲ್ಲ. ಎಲ್ಲರಿಗೂ ಸಮಾನವಾದ ಸಂಗತಿ ಹುಡುಕಿದಾಗ ಸಿಕ್ಕಿದ್ದು ಒಂದೇ ಕೂಲರು. ಪರೀಕ್ಷೆಗೆಂದು ತೆಗೆದ ಭಾರಜಲದ ಮಾದರಿಯನ್ನು ಯಾರೋ ಬೇಕೆಂದೇ ಅದರಲ್ಲಿ ಬೆರೆಸಿದ್ದರು. ಒಳಗಿನವರದೇ ಕೃತ್ಯವೆಂದು ಅಂದಿನ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಹೇಳಿದರು.

ಟ್ರಿಟಿಯಂ ಬೆರೆತ ನೀರು ಮೈಯಿಂದ ಸುಮಾರು ಹತ್ತು ದಿನಕ್ಕೆ ಅರ್ಧದಷ್ಟು ತಾನಾಗಿ ಹೊರಹೋಗುತ್ತದೆ. ಹೆಚ್ಚು ನೀರು ಕುಡಿಸಿ, ಮೂತ್ರ ಹೆಚ್ಚಿಸುವ ಔಷಧ ಕೊಟ್ಟರೆ ಬೇಗ. ಅದೇ ಚಿಕಿತ್ಸೆ ನಡೆಯಿತು. ವರ್ಷಕ್ಕೆ 30 ಮಿಲಿಸೀವರ್ಟ್ ಎಂಬ ಕಾರ್ಮಿಕರ ವಿಕಿರಣ ಮಿತಿಯನ್ನು ದಾಟಿದವರು ಇಬ್ಬರು ಎಂದು ನಿಯಂತ್ರಣ ಮಂಡಳಿ ತಿಳಿಸಿತು. ಭೂಮಿಯ ಮೇಲೆ ಸುಮ್ಮನೆ ಬದುಕಿದ್ದಕ್ಕೆ ನಾವೆಲ್ಲ ಪಡೆಯುವ ಪ್ರಮಾಣ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್.

ಈ ಪ್ರಕರಣವನ್ನು ಸಣ್ಣದೆಂದು ಬದಿಗಿಡುವವರ ಜೊತೆ ನಾನು ಒಪ್ಪಲಾರೆ. ಇಲ್ಲಿ ಗುಳಿಗೆ, ಕವಚ, ಕೊಳವೆ, ಜೋಡಿ ಗುಮ್ಮಟ ಎಲ್ಲವೂ ನೆಟ್ಟಗಿದ್ದವು. ವಿಷ ಗೋಡೆ ಒಡೆದು ಬರಲಿಲ್ಲ, ಪ್ರಯೋಗಾಲಯದ ಸೀಸೆಯಲ್ಲಿ ನಡೆದುಕೊಂಡು ಬಂತು. ಅದನ್ನು ಹಿಡಿದದ್ದು ಬೇಸರ ತರಿಸುವಷ್ಟು ಮಾಮೂಲಿಯಾದ ಒಂದು ತಪಾಸಣೆ. ಆ ತಪಾಸಣೆ ತಿಂಗಳೊಂದು ತಪ್ಪಿದ್ದರೆ ಎಷ್ಟು ಮಂದಿ ಎಷ್ಟು ಕುಡಿಯುತ್ತಿದ್ದರೋ. ಅಣುಸ್ಥಾವರದ ನಿಜವಾದ ಬೇಲಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಕಾಂಕ್ರೀಟನ್ನಲ್ಲ, ದಿನವೂ ಅಳೆದು ಬರೆದಿಡುವ ಆ ಪುಸ್ತಕವನ್ನು. ಗುಮ್ಮಟ ಬಿದ್ದದ್ದು ಲೆಕ್ಕವನ್ನು ಬೇರೊಬ್ಬರು ಸಾಕಷ್ಟು ತಿವಿದು ನೋಡದೆ ಇದ್ದುದರಿಂದ, ಕೂಲರಿನ ಟ್ರಿಟಿಯಂ ಸಿಕ್ಕಿಬಿದ್ದದ್ದು ಯಾರೋ ತಪ್ಪದೆ ಅಳೆಯುತ್ತಿದ್ದುದರಿಂದ.

ಅಳೆಯುವುದು ಬೇಲಿಯ ಹೊರಗೂ ನಡೆಯುತ್ತದೆ. ಸ್ಥಾವರ ಶುರುವಾಗುವ ಮೊದಲೇ ಕೈಗಾದಲ್ಲಿ ಪರಿಸರ ಸಮೀಕ್ಷಾ ಪ್ರಯೋಗಾಲಯ ತೆರೆದು, ಸುತ್ತಲಿನ ಗಾಳಿ, ನೀರು, ಮಣ್ಣು, ಅಕ್ಕಿ, ಹಾಲು, ಮೀನುಗಳಲ್ಲಿ ಮೊದಲಿಂದಲೇ ಇದ್ದ ವಿಕಿರಣವನ್ನು ಅಳೆದಿಟ್ಟರು. ಆ ಮೂಲ ಅಳತೆ ಇಲ್ಲದಿದ್ದರೆ ನಂತರದ ಯಾವ ಅಂಕಿಗೂ ಅರ್ಥವಿರುತ್ತಿರಲಿಲ್ಲ. ಚಿಮಣಿಯಿಂದಲೂ ಕದ್ರಾಕ್ಕೆ ಬಿಡುವ ನೀರಿನಿಂದಲೂ ಅಷ್ಟಿಷ್ಟು ಟ್ರಿಟಿಯಂ ಹೊರಗೆ ಹೋಗುತ್ತದೆ, ಹೋಗುವುದೇ ಇಲ್ಲವೆಂದು ಹೇಳುವುದು ಸುಳ್ಳು. ಮಂಡಳಿಯ ನಿಯಮದಂತೆ ಒಂದು ಸ್ಥಾವರದಿಂದ ಸುತ್ತಲಿನ ಜನರಿಗೆ ವರ್ಷಕ್ಕೆ 1 ಮಿಲಿಸೀವರ್ಟಿಗಿಂತ ಹೆಚ್ಚು ಸೇರಕೂಡದು.

ಅಳೆಯುವವರು ಯಾರ ಅಧೀನ ಎಂಬುದು ಉಳಿದ ಪ್ರಶ್ನೆ. ನಿಯಂತ್ರಣ ಮಂಡಳಿ 1983ರ ನವೆಂಬರ್ 15ರಂದು ಸರ್ಕಾರಿ ಆದೇಶದಿಂದ ಹುಟ್ಟಿತು. ಅದು ವರದಿ ಒಪ್ಪಿಸಬೇಕಾಗಿದ್ದುದು ಪರಮಾಣು ಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಸ್ಥಾವರಗಳನ್ನು ನಡೆಸುವ ಇಲಾಖೆಯ ಕಾರ್ಯದರ್ಶಿ. ಓದಿದರೆ ಮಕ್ಕಳಿಗೂ ಹೊಳೆಯುವ ಈ ತೊಡಕನ್ನು ಮಹಾಲೇಖಪಾಲರು 2012ರ ವರದಿಯಲ್ಲಿ ಎತ್ತಿ ತೋರಿಸಿದರು. ಸ್ವತಂತ್ರ ಪ್ರಾಧಿಕಾರಕ್ಕೆಂದು 2011ರಲ್ಲಿ ತಂದ ಮಸೂದೆ 2014ರಲ್ಲಿ ಲೋಕಸಭೆಯ ಅವಧಿ ಮುಗಿಯುವುದರೊಂದಿಗೆ ಬಿದ್ದುಹೋಯಿತು. ಯಾವ ಕಾನೂನು ಬಂದರೂ ಅದನ್ನು ಒಂದೇ ಪ್ರಶ್ನೆಯಿಂದ ಅಳೆಯಬಹುದು: ಸ್ಥಾವರ ನಿಲ್ಲಿಸಿ ಎಂದು ಹೇಳಿದ ಅಧಿಕಾರಿಯ ಕುರ್ಚಿ ಮರುದಿನವೂ ಭದ್ರವಾಗಿರುತ್ತದೆಯೇ?

ಕೈಗಾದಲ್ಲಿ ಈಗ ತಲಾ 700 ಮೆಗಾವಾಟಿನ ಐದು ಮತ್ತು ಆರನೆಯ ಘಟಕಗಳ ಸರದಿ. ಈ ಹೊಸ ವಿನ್ಯಾಸದಲ್ಲಿ ಒಳಗುಮ್ಮಟಕ್ಕೆ ಉಕ್ಕಿನ ಹಾಳೆಯ ಒಳಮೈ ಇದೆ. ವಿದ್ಯುತ್ ಪೂರ್ತಿ ಹೋದರೂ ಪಂಪಿನ ಹಂಗಿಲ್ಲದೆ ಕಾವನ್ನು ಹೊರಹಾಕುವ ಏರ್ಪಾಡೂ ಇದೆ, ನರೋರಾದ ಆ ರಾತ್ರಿ ಸಹಜ ಹರಿವು ಮಾಡಿದ ಕೆಲಸವನ್ನು ಇಲ್ಲಿ ನಕ್ಷೆಯಲ್ಲೇ ಬರೆದಿದ್ದಾರೆ. ಇವುಗಳ ಕರೆಂಟೂ ನೆಲಮಂಗಲದ ಕಡೆಗೆ ಹರಿದು ಬರುತ್ತದೆ. ಹಾಗಾಗಿ ನಾವೂ ಕೇಳಬಹುದಾದ ಒಂದು ಸಣ್ಣ ಬೇಡಿಕೆ ಇದೆ. ಕದ್ರಾ ನೀರಿನ ಟ್ರಿಟಿಯಂ ಅಳತೆಯನ್ನು, ಲೀಟರಿಗೆ ಎಷ್ಟು ಬೆಕೆರೆಲ್ ಎಂದು, ತಿಂಗಳು ತಿಂಗಳೂ ಕನ್ನಡದಲ್ಲಿ, ಮಲ್ಲಾಪುರದ ಪಂಚಾಯಿತಿ ಕಚೇರಿಯ ಫಲಕದ ಮೇಲೆ ಬರೆಯಿರಿ. ಪಕ್ಕದಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳಿರುವ 10,000 ಬೆಕೆರೆಲ್ಲಿನ ಅಂಕಿಯನ್ನೂ ಬರೆಯಿರಿ, ನೋಡಿದವರು ತಾವೇ ಹೋಲಿಸಿಕೊಳ್ಳಲಿ.